ಮತ್ತೆ ಹೋದವರು ಎಷ್ಟು ಮಂದಿ?

ವೈದ್ಯಕೀಯ, ದಂತವೈದ್ಯ, ನರ್ಸಿಂಗ್ ಕಾಲೇಜುಗಳ ವಾರ್ಷಿಕ ವರದಿಯಲ್ಲಿ ಶಿಬಿರಗಳಿಗೆ ಬರವಿಲ್ಲ. ಆದರೆ ಬಿ.ಪಿ., ಸಕ್ಕರೆ, ರಕ್ತಹೀನತೆ ಒಂದು ದಿನದ ಶಿಬಿರಕ್ಕೆ ಬಗ್ಗುವ ಕಾಯಿಲೆಗಳಲ್ಲ. ಎಂಬಿಬಿಎಸ್ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಮನೆಗಳ ಹೊಣೆ ಹೊರುವ ಕುಟುಂಬ ದತ್ತು ಕಾರ್ಯಕ್ರಮದ ಮೊದಲ ಬ್ಯಾಚು ಹಳ್ಳಿಯ ಮನೆಗಳಿಂದ ವಾರ್ಡಿನ ಕಡೆಗೆ ಹೊರಳಿರುವ ಈ ಹೊತ್ತಿನಲ್ಲಿ, ವಿದ್ಯಾರ್ಥಿಯ ಸಾಧನೆಯನ್ನು ಅಳೆಯುವ ಕೋಲನ್ನೇ ಬದಲಿಸಬೇಕಿದೆ.

ಸರ್ಕಾರಿ ಶಾಲೆಯ ಜಗಲಿ. ಎರಡು ಕಂಬಗಳ ನಡುವೆ ಕಾಲೇಜಿನ ಹೆಸರು ಹೊತ್ತ ಫ್ಲೆಕ್ಸು. ಮಕ್ಕಳ ಡೆಸ್ಕುಗಳನ್ನು ಜೋಡಿಸಿ ಮಾಡಿದ ಮೇಜಿನ ಹಿಂದೆ ಇಸ್ತ್ರಿ ಮುರಿಯದ ಬಿಳಿ ಏಪ್ರನ್ ತೊಟ್ಟ ಹುಡುಗ ಹುಡುಗಿಯರು. ಹೊಲದ ಕೆಲಸ ಅರ್ಧಕ್ಕೆ ಬಿಟ್ಟು ಬಿಸಿಲಲ್ಲಿ ನಡೆದು ಬಂದ ಅಜ್ಜಿ ಸ್ಟೂಲಿನ ಮೇಲೆ ಕೂತ ಕೂಡಲೇ ಕುಪ್ಪಸದ ತೋಳಿನ ಮೇಲೆಯೇ ಬಿ.ಪಿ. ಪಟ್ಟಿ ಸುತ್ತುತ್ತಾರೆ. ಹಿಂದಿನವರು ಮುಂದೆ ತಳ್ಳುತ್ತಿದ್ದಾರೆ, ಅಜ್ಜಿ ಮಂಡಿನೋವಿನ ಕಥೆ ಶುರು ಮಾಡಿದ್ದಾರೆ, ಯಂತ್ರ 160/96 ತೋರಿಸಿ ಕೀಂ ಎನ್ನುತ್ತದೆ. ಚೀಟಿಯ ಮೇಲೆ ಅಂಕಿ ಬಿತ್ತು, ಹತ್ತು ಮಾತ್ರೆಯ ಪೊಟ್ಟಣ ಕೈಗೆ ಬಂತು, ‘ದೊಡ್ಡಾಸ್ಪತ್ರೆಗೆ ತೋರಿಸಿಕೊಳ್ಳಿ ಅಜ್ಜಿ’ ಎಂಬ ಮಾತೂ ಬಂತು. ಮಧ್ಯಾಹ್ನ ಪುಳಿಯೋಗರೆಯ ನಂತರ ಎಲ್ಲರೂ ಫ್ಲೆಕ್ಸಿನ ಮುಂದೆ ನಿಂತರೆ ಒಂದು ಫೋಟೊ. ಅದರ ಕೆಳಮೂಲೆಯಲ್ಲಿ ಅಕ್ಷಾಂಶ, ರೇಖಾಂಶ, ದಿನಾಂಕ, ಸಮಯ. ಮೂರು ಗಂಟೆಗೆ ಕಾಲೇಜು ಬಸ್ಸು ಹೊರಡುತ್ತದೆ.

ಕರ್ನಾಟಕದ ಯಾವ ತಾಲ್ಲೂಕಿನಲ್ಲಾದರೂ ನೋಡಬಹುದಾದ ನೋಟ ಇದು. ಇದರಲ್ಲಿ ವಂಚನೆಯೇನಿಲ್ಲ. ಬಂದ ಮಕ್ಕಳಲ್ಲಿ ಉತ್ಸಾಹವಿದೆ, ಜನಕ್ಕೆ ಒಂದಿಷ್ಟು ಉಪಕಾರವೂ ಆಗಿದೆ. ಆದರೆ ಅಜ್ಜಿಗೆ ರಕ್ತದೊತ್ತಡ ಇದೆಯೋ ಇಲ್ಲವೋ ಎಂಬುದು ಆ ಸಂಜೆಯೂ ಯಾರಿಗೂ ಗೊತ್ತಿಲ್ಲ. ಅದೇ ವಿದ್ಯಾರ್ಥಿಗಳ ಪಠ್ಯಪುಸ್ತಕ ಹೇಳುವ ಕ್ರಮವೇ ಬೇರೆ: ಐದು ನಿಮಿಷ ಸುಮ್ಮನೆ ಕೂರಿಸಬೇಕು, ಬೆನ್ನಿಗೆ ಆಸರೆ ಬೇಕು, ತೋಳು ಎದೆಯ ಮಟ್ಟದಲ್ಲಿರಬೇಕು, ಪಟ್ಟಿ ಬರಿ ತೋಳಿನ ಮೇಲೆ ಇರಬೇಕು, ಅಳೆಯುವಾಗ ಇಬ್ಬರೂ ಮಾತಾಡಬಾರದು, ಒಂದು ನಿಮಿಷ ಬಿಟ್ಟು ಮತ್ತೆ ಅಳೆಯಬೇಕು. ಇಷ್ಟೆಲ್ಲ ಮಾಡಿದರೂ ಒಂದು ದಿನದ ಅಂಕಿಯ ಮೇಲೆ ತೀರ್ಪು ಕೊಡುವಂತಿಲ್ಲ. ಅಂತರರಾಷ್ಟ್ರೀಯ ರಕ್ತದೊತ್ತಡ ಸಂಘದ 2020ರ ಮಾರ್ಗಸೂಚಿಯ ಪ್ರಕಾರ, ಅಂಕಿ ವಿಪರೀತ ಏರಿದ ಸಂದರ್ಭ ಬಿಟ್ಟರೆ, ಒಂದರಿಂದ ನಾಲ್ಕು ವಾರದ ಅಂತರದಲ್ಲಿ ಎರಡು ಮೂರು ಸಲ ನೋಡಿಯೇ ನಿರ್ಧರಿಸಬೇಕು. ಅಂದರೆ ಮರುಭೇಟಿ ಎಂಬುದು ರೋಗನಿರ್ಣಯದ ಮೇಲೆ ತೋರುವ ಹೆಚ್ಚುವರಿ ಕಾಳಜಿಯಲ್ಲ, ಅದು ರೋಗನಿರ್ಣಯದ್ದೇ ಒಂದು ಭಾಗ. ಒಂದೇ ಸಲ ಹೋಗಿ ಬಂದ ಶಿಬಿರ ‘ಇಷ್ಟು ಮಂದಿಗೆ ಬಿ.ಪಿ. ಪತ್ತೆ ಹಚ್ಚಿದೆವು’ ಎಂದು ವರದಿ ಬರೆದರೆ, ತನ್ನದೇ ಪಾಠದಲ್ಲಿ ನಪಾಸಾದಂತೆ.

ರಕ್ತಹೀನತೆಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಕಬ್ಬಿಣಾಂಶದ ಮಾತ್ರೆಯನ್ನು ತಿಂಗಳುಗಟ್ಟಲೆ, ಬಿಡದೆ ನುಂಗಿದರೆ ಮಾತ್ರ ಫಲ. ಮೊದಲ ವಾರದಲ್ಲೇ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಗಾಗುತ್ತದೆ, ಹೆದರಿದ ಹೆಣ್ಣುಮಗಳು ಮಾತ್ರೆಯನ್ನು ದೇವರ ಗೂಡಿನ ಪಕ್ಕ ಎತ್ತಿಡುತ್ತಾಳೆ. ಇಲ್ಲವೇ ಊಟದ ಬೆನ್ನಿಗೇ ಚಹಾದ ಜೊತೆ ನುಂಗುತ್ತಾಳೆ. ಚಹಾ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಇದು ಶಿಬಿರದ ಮೇಜಿನ ಹಿಂದೆ ಕೂತವರಿಗೆ ಎಂದೂ ತಿಳಿಯುವುದಿಲ್ಲ. ಮೂರು ವಾರ ಕಳೆದು ಆ ಮನೆಯ ಅಡುಗೆಕೋಣೆಯ ಹೊಸ್ತಿಲಲ್ಲಿ ಕೂತು, ‘ಮಾತ್ರೆ ಎಷ್ಟು ಉಳಿದಿದೆ, ತೋರಿಸಿ ಅಕ್ಕ’ ಎಂದು ಕೇಳಿದ ವಿದ್ಯಾರ್ಥಿನಿಗೆ ಮಾತ್ರ ತಿಳಿಯುತ್ತದೆ. ಔಷಧಶಾಸ್ತ್ರದ ತರಗತಿಯಲ್ಲಿ ಒಂದು ಸಾಲಾಗಿ ಓದಿದ ಅಡ್ಡಪರಿಣಾಮ, ಒಬ್ಬ ಹೆಂಗಸು ಚಿಕಿತ್ಸೆ ನಿಲ್ಲಿಸಲು ಕಾರಣವಾಗುತ್ತದೆ ಎಂಬ ಅರಿವು ಅಲ್ಲಿ ಹುಟ್ಟುತ್ತದೆ.

[ಬಾಕ್ಸ್] ನಾಡಿನ ನಾಡಿಬಡಿತ
- ದೇಶದ ವಯಸ್ಕರಲ್ಲಿ ಅಧಿಕ ರಕ್ತದೊತ್ತಡ 35.5%, ಮಧುಮೇಹ 11.4%, ಮಧುಮೇಹದ ಹೊಸ್ತಿಲಲ್ಲಿ ಇರುವವರು 15.3% (2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನ).
- ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ರಕ್ತಹೀನತೆ 47.8%, ಐದು ವರ್ಷದೊಳಗಿನ ಮಕ್ಕಳಲ್ಲಿ 65.5%. ನಾಲ್ಕನೇ ಸುತ್ತಿನ ಸಮೀಕ್ಷೆಗಿಂತ ಎರಡೂ ಹೆಚ್ಚು (ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ).
- ರಾಜ್ಯದ ವಯಸ್ಕರಲ್ಲಿ ಒಂದಲ್ಲ ಒಂದು ಬಗೆಯ ತಂಬಾಕು ಬಳಸುವವರು 22.8% (ಎರಡನೇ ಸುತ್ತಿನ ವಯಸ್ಕರ ತಂಬಾಕು ಸಮೀಕ್ಷೆ).

ಇಷ್ಟು ಗೊತ್ತಿದ್ದೂ ಕಾಲೇಜುಗಳು ಶಿಬಿರದಿಂದ ಶಿಬಿರಕ್ಕೆ ಏಕೆ ಓಡುತ್ತವೆ? ಅವರನ್ನು ದೂರುವ ಮೊದಲು, ಅವರಿಂದ ಲೆಕ್ಕ ಕೇಳುವವರು ಏನನ್ನು ಕೇಳುತ್ತಿದ್ದಾರೆ ಎಂಬುದನ್ನು ನೋಡಬೇಕು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ವಿಸ್ತರಣಾ ಚಟುವಟಿಕೆಗೆ ಅಂಕವಿದೆ. ಅಲ್ಲಿ ಎಣಿಸುವುದು ಎಷ್ಟು ಕಾರ್ಯಕ್ರಮ ನಡೆದವು, ಎಷ್ಟು ವಿದ್ಯಾರ್ಥಿಗಳು ಭಾಗವಹಿಸಿದರು ಎಂಬುದನ್ನು. ಫೋಟೊದ ಮೂಲೆಯಲ್ಲಿ ಅಕ್ಷಾಂಶ ರೇಖಾಂಶ ಮೂಡುವುದೂ ಇದೇ ಕಾರಣಕ್ಕೆ. ಇನ್ನು ಎನ್‌ಐಆರ್‌ಎಫ್ ಶ್ರೇಯಾಂಕ ಪಟ್ಟಿಯಲ್ಲಿ ‘ಔಟ್‌ರೀಚ್’ ಎಂಬ ಹೆಸರಿನ ವಿಭಾಗವೇ ಇದೆ, ಅದಕ್ಕೆ 10% ತೂಕವೂ ಇದೆ. ಆದರೆ ಅದು ಅಳೆಯುವುದು ಬೇರೆ ರಾಜ್ಯಗಳ ವಿದ್ಯಾರ್ಥಿಗಳೆಷ್ಟು, ಮಹಿಳೆಯರೆಷ್ಟು, ಬಡ ವಿದ್ಯಾರ್ಥಿಗಳೆಷ್ಟು, ಅಂಗವಿಕಲರಿಗೆ ಸೌಲಭ್ಯವಿದೆಯೇ ಎಂಬುದನ್ನು. ಇವೆಲ್ಲ ಅಳೆಯಲೇಬೇಕಾದ ಸಂಗತಿಗಳು, ತಕರಾರಿಲ್ಲ. ಆದರೆ ಕಾಲೇಜಿನ ಕಾಂಪೌಂಡ್ ದಾಟಿ ಹೋದವರ ಬಗ್ಗೆ ಆ ವಿಭಾಗದಲ್ಲಿ ಒಂದು ಪ್ರಶ್ನೆಯೂ ಇಲ್ಲ. ಎಣಿಕೆಗೆ ಸಿಗುವುದು ಶಿಬಿರ, ಆದ್ದರಿಂದ ನಡೆಯುವುದೂ ಶಿಬಿರ. ಘಟಿಕೋತ್ಸವದ ವೇದಿಕೆಯ ಮೇಲೂ ಇದೇ ಕಥೆ: ಪ್ರತಿ ವಿಷಯದಲ್ಲಿ ಹೆಚ್ಚು ಅಂಕ ಪಡೆದವರ ಕೊರಳಿಗೆ ಚಿನ್ನ ಬೀಳುತ್ತದೆ. ಐದು ಮನೆಗಳನ್ನು ಮೂರು ವರ್ಷ ಬಿಡದೆ ನೋಡಿಕೊಂಡ ವಿದ್ಯಾರ್ಥಿಗೆ ಪದಕ ಕೊಡಲು ಆ ಪಟ್ಟಿಯಲ್ಲಿ ಸಾಲೇ ಇಲ್ಲ.

ಈ ಕೊರತೆ ಯಾರಿಗೂ ತಿಳಿಯದ್ದೇನಲ್ಲ. 1946ರಲ್ಲೇ ಭೋರ್ ಸಮಿತಿ, ವೈದ್ಯ ಕಾಯಿಲೆಯನ್ನಷ್ಟೇ ಅಲ್ಲ, ಕಾಯಿಲೆ ಹುಟ್ಟುವ ಮನೆ ಮತ್ತು ಊರನ್ನು ಅರಿತ ಸಾಮಾಜಿಕ ವೈದ್ಯನಾಗಬೇಕು ಎಂದು ಹೇಳಿ, ಅದಕ್ಕಾಗಿ ಮೂರು ತಿಂಗಳ ತರಬೇತಿಯನ್ನು ಶಿಫಾರಸು ಮಾಡಿತ್ತು. 1975ರಲ್ಲಿ ಶ್ರೀವಾಸ್ತವ ಸಮಿತಿ ಅದನ್ನೇ ಇನ್ನಷ್ಟು ಗಟ್ಟಿದನಿಯಲ್ಲಿ ಹೇಳಿತು. 1977ರಲ್ಲಿ ವೈದ್ಯಕೀಯ ಶಿಕ್ಷಣಕ್ಕೆ ಹೊಸ ದಿಕ್ಕು ಕೊಡುವ ‘ರೋಮ್’ ಯೋಜನೆ ಬಂತು, ಪ್ರತಿ ವೈದ್ಯಕೀಯ ಕಾಲೇಜು ಮೂರು ಬ್ಲಾಕುಗಳ ಹೊಣೆ ಹೊರಬೇಕೆಂಬ ಆದೇಶವಾಯಿತು. ಬಹುಪಾಲು ಕಡೆ ಅದು ಸೊರಗಿತು, ಏಕೆಂದರೆ ಇಡೀ ಬ್ಲಾಕಿನ ಹೊಣೆ ಕಾಲೇಜಿನದು ಎಂದಾಗ ಅದು ಯಾವ ಒಬ್ಬ ವಿದ್ಯಾರ್ಥಿಯ ಹೊಣೆಯೂ ಆಗಲಿಲ್ಲ. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ತಂದ ಕುಟುಂಬ ದತ್ತು ಕಾರ್ಯಕ್ರಮದ ಜಾಣತನ ಇರುವುದು ಇಲ್ಲೇ. ಅದು ಹೊಣೆಯನ್ನು ಕಾಲೇಜಿನಿಂದ ಇಳಿಸಿ ಎಂಬಿಬಿಎಸ್‌ಗೆ ಸೇರಿದ ಪ್ರತಿ ಹುಡುಗ ಹುಡುಗಿಯ ಹೆಗಲಿಗೆ ಹಾಕಿತು: ಒಬ್ಬೊಬ್ಬರಿಗೆ ಮೂರರಿಂದ ಐದು ಮನೆ, ಮೊದಲ ವರ್ಷದಿಂದಲೇ. 150 ಸೀಟಿನ ಕಾಲೇಜೊಂದರ ಒಂದು ಬ್ಯಾಚೇ 450ರಿಂದ 750 ಕುಟುಂಬಗಳನ್ನು ತಲುಪುತ್ತದೆ. ಮೂರು ಬ್ಯಾಚು ಏಕಕಾಲಕ್ಕೆ ಓಡಾಡಿದರೆ ಒಂದು ಹೋಬಳಿಯ ದೊಡ್ಡ ಪಾಲು ಅದರೊಳಗೆ ಬಂದೀತು. ಕಾಗದದ ಮೇಲಿನ ಈ ಲೆಕ್ಕ ನೆಲಕ್ಕಿಳಿದಿದೆಯೇ ಎಂಬುದು ಬೇರೆ ಮಾತು.

ಆಯೋಗ ಈ ಕಲ್ಪನೆಯನ್ನು ಗಾಳಿಯಿಂದ ಹಿಡಿದದ್ದಲ್ಲ. ಗಾಂಧಿ ಜನ್ಮಶತಮಾನೋತ್ಸವದ ವರ್ಷವಾದ 1969ರಲ್ಲಿ ಡಾ. ಸುಶೀಲಾ ನಾಯರ್ ಸೇವಾಗ್ರಾಮದಲ್ಲಿ ಆರಂಭಿಸಿದ ಮಹಾತ್ಮ ಗಾಂಧಿ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಹೊಸ ಬ್ಯಾಚಿನವರು ಒಂದು ಹಳ್ಳಿಯನ್ನು ಆರಿಸಿಕೊಂಡು ಅಲ್ಲೇ ಹದಿನೈದು ದಿನ ಉಳಿಯುತ್ತಾರೆ. ಪ್ರತಿಯೊಬ್ಬರಿಗೂ ಕೆಲವು ಮನೆಗಳನ್ನು ವಹಿಸಲಾಗುತ್ತದೆ. ಶಿಬಿರ ಮುಗಿದ ಮೇಲೂ ತಿಂಗಳಿಗೊಮ್ಮೆ ಅವೇ ಮನೆಗಳಿಗೆ ಹೋಗುತ್ತಾರೆ. ಶಿಬಿರ ಎಂಬ ಹೆಸರು ಅಲ್ಲೂ ಇದೆ, ಆದರೆ ಅಲ್ಲಿ ಅದು ಸಂಬಂಧದ ಮೊದಲ ಪುಟ. ನಮ್ಮ ಬಹುತೇಕ ಕಡೆ ಅದೇ ಕೊನೆಯ ಪುಟವೂ ಹೌದು.

ಕರ್ನಾಟಕದಲ್ಲೇ ಇನ್ನೊಂದು ಪಾಠವಿದೆ, ಅದನ್ನು ನಾವು ಮರೆತಿದ್ದೇವೆ. 1973ರಲ್ಲಿ, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಮತ್ತು ಊರಿನ ಹಾಲು ಉತ್ಪಾದಕರ ಸಹಕಾರ ಸಂಘ ಸೇರಿ ಆರೋಗ್ಯ ಸಹಕಾರವೊಂದನ್ನು ಕಟ್ಟಿದವು. ಡೇರಿಗೆ ಹಾಕಿದ ಹಾಲಿನ ಹಣದಲ್ಲೇ ಒಂದಿಷ್ಟನ್ನು ಊರಿನ ಆರೋಗ್ಯಕ್ಕೆ ಎತ್ತಿಟ್ಟರು. ಕಾಲೇಜಿನ ಕಿರಿಯ ವೈದ್ಯರ ತರಬೇತಿಯ ನೆಲೆಯೂ ಅದಾಯಿತು. ಇಲ್ಲಿ ಗಮನಿಸಬೇಕಾದ್ದು ಹಣದ ಮೊತ್ತವನ್ನಲ್ಲ, ಅದು ಯಾರ ಹಣ ಎಂಬುದನ್ನು. ಪುಕ್ಕಟೆ ಶಿಬಿರಕ್ಕೆ ಬಂದವರು ಕೊಟ್ಟಷ್ಟನ್ನು ತೆಗೆದುಕೊಂಡು ಕೈಮುಗಿದು ಹೋಗುತ್ತಾರೆ. ತಮ್ಮ ಹಾಲಿನ ದುಡ್ಡು ಹಾಕಿದವರು ‘ಕಳೆದ ವಾರ ಡಾಕ್ಟರು ಯಾಕೆ ಬರಲಿಲ್ಲ?’ ಎಂದು ಕೇಳುತ್ತಾರೆ. ಕಾಲೇಜಿಗೆ ಬೇಕಿರುವುದು ಹೀಗೆ ಕೇಳುವ ಊರು.

[ಬಾಕ್ಸ್] ಚೀಲಕ್ಕೂ ಒಂದು ಶಿಸ್ತು
ಎಂಬಿಬಿಎಸ್‌ಗೆ 2022ರಲ್ಲಿ ಬಂದ ಮನೆಭೇಟಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ದಶಕಗಳ ಹಳೆಯ ಪಾಠ. ಸಮುದಾಯ ಆರೋಗ್ಯದ ಪೋಸ್ಟಿಂಗಿನಲ್ಲಿ ಅವರು ಆಯ್ದ ಕುಟುಂಬದ ಫೋಲ್ಡರ್ ಮಾಡಿ, ಆರೈಕೆಯ ಯೋಜನೆ ಬರೆದು, ಅದರಂತೆ ಮತ್ತೆ ಮತ್ತೆ ಹೋಗುತ್ತಾರೆ. ಚೀಲ ತೆರೆಯುವುದಕ್ಕೂ ಕ್ರಮವಿದೆ: ಮೊದಲು ನೆಲದ ಮೇಲೆ ಹಳೆಯ ಪತ್ರಿಕೆ ಹಾಸಬೇಕು, ಅದರ ಮೇಲೆ ಚೀಲ ಇಡಬೇಕು, ಸೋಪು ಟವೆಲು ಹೊರತೆಗೆದು ಕೈ ತೊಳೆದ ಮೇಲಷ್ಟೇ ಉಪಕರಣ ಮುಟ್ಟಬೇಕು. ಒಂದು ಮನೆಯ ಸೋಂಕು ಇನ್ನೊಂದು ಮನೆಗೆ ಹೋಗಬಾರದೆಂಬ ಎಚ್ಚರ ಇದು. ಮೆಡಿಕಲ್ ಕಾಲೇಜುಗಳು ಪಕ್ಕದ ಕಟ್ಟಡದ ನರ್ಸಿಂಗ್ ಅಧ್ಯಾಪಕಿಯರನ್ನು ಒಂದು ತರಗತಿಗೆ ಕರೆದರೂ ಸಾಕಿತ್ತು.

ಇಷ್ಟು ಹೇಳಿದ ಕೂಡಲೇ ಬರುವ ಮೊದಲ ಆಕ್ಷೇಪ: ಶಿಬಿರದಿಂದ ಲಕ್ಷಾಂತರ ಜನಕ್ಕೆ ಕಣ್ಣು ಬಂದಿಲ್ಲವೇ? ಬಂದಿದೆ. ಬೀಳಗಿಯ ಡಾ. ಎಂ.ಸಿ. ಮೋದಿ ಊರೂರು ತಿರುಗಿ, ಒಂದೇ ದಿನದಲ್ಲಿ ನೂರಾರು ಕಣ್ಣುಗಳ ಪೊರೆ ತೆಗೆದದ್ದು ಈ ನಾಡು ಮರೆಯುವ ಸಂಗತಿಯಲ್ಲ. ಆದರೆ ಪೊರೆ ಒಂದು ಸಲ ತೆಗೆದರೆ ತೀರುವ ತೊಂದರೆ, ಶಿಬಿರಕ್ಕೆ ಹೇಳಿ ಮಾಡಿಸಿದ ಕಾಯಿಲೆ. ಲಸಿಕೆ, ರಕ್ತದಾನವೂ ಹಾಗೆಯೇ. ಈ ಯಶಸ್ಸನ್ನು ತೋರಿಸಿ ಸಕ್ಕರೆ ಕಾಯಿಲೆಗೂ ಅದೇ ಮದ್ದು ಎನ್ನುವಾಗ ತಪ್ಪಾಗುತ್ತದೆ. ದಂತವೈದ್ಯ ಕಾಲೇಜುಗಳ ಶಿಬಿರವನ್ನೇ ನೋಡಿ. ಹುಳುಕು ಹಲ್ಲು ಕಿತ್ತರೆ ಅಲ್ಲಿಗೆ ಮುಗಿಯಿತು. ಗುಟ್ಕಾ ಜಗಿಯುವವನ ಕೆನ್ನೆಯ ಒಳಗೆ ಬಿಳಿ ಮಚ್ಚೆ ಕಂಡರೆ ಅದು ಆರಂಭ: ಬಯಾಪ್ಸಿ ಆಗಬೇಕು, ಚಟ ಬಿಡಿಸಬೇಕು, ಆರು ತಿಂಗಳಾದ ಮೇಲೆ ಮತ್ತೆ ಬಾಯಿ ತೆರೆಸಿ ನೋಡಬೇಕು. ಆ ಮಚ್ಚೆಯನ್ನು ಶಿಬಿರದ ರಿಜಿಸ್ಟರಿನಲ್ಲಿ ಬರೆದು ಬಸ್ಸು ಹತ್ತುವುದಾದರೆ ನೋಡದೇ ಇದ್ದದ್ದಕ್ಕೂ ನೋಡಿದ್ದಕ್ಕೂ ಅಂತರ ಕಡಿಮೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ಇವರು ಇನ್ನೂ ಡಾಕ್ಟರಾಗದ ಹದಿನೆಂಟು, ಹತ್ತೊಂಬತ್ತರ ಮಕ್ಕಳು, ಬಡವರ ಮನೆಗಳನ್ನು ಇವರ ಪ್ರಯೋಗಶಾಲೆ ಮಾಡುವುದು ಸರಿಯೇ? ಊರಲ್ಲಿ ಆಶಾ ಕಾರ್ಯಕರ್ತೆ ಇರುವಾಗ ಇವರಿಂದ ಆಗಬೇಕಾದ್ದೇನು? ಮನೆಭೇಟಿಗೆ ಎಷ್ಟು ಓದಿರಬೇಕು ಎಂಬ ಪ್ರಶ್ನೆಗೆ ಮಹಾರಾಷ್ಟ್ರದ ಗಡ್‌ಚಿರೋಲಿ ಉತ್ತರ ಕೊಟ್ಟಿದೆ. ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ತಂಡ ಅಲ್ಲಿನ 39 ಹಳ್ಳಿಗಳಲ್ಲಿ ಊರಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ನವಜಾತ ಶಿಶುಗಳ ಮನೆಗೆ ಕಳಿಸಿತು. ಮೂರನೇ ವರ್ಷದ ಹೊತ್ತಿಗೆ, ಹೋಲಿಕೆಗೆಂದು ಆರಿಸಿದ್ದ ಊರುಗಳಿಗಿಂತ ಅಲ್ಲಿ ನವಜಾತ ಶಿಶು ಮರಣ 62% ತಗ್ಗಿತ್ತು. 1999ರಲ್ಲಿ ‘ಲ್ಯಾನ್ಸೆಟ್’ ಇದನ್ನು ಪ್ರಕಟಿಸಿತು. ಇಂದು ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಿ ನೋಡುವ ಕ್ರಮದ ಬೇರು ಅಲ್ಲಿದೆ. ಫಲ ಕೊಟ್ಟದ್ದು ಪದವಿಯಲ್ಲ, ಗೊತ್ತಾದ ದಿನ ತಪ್ಪದೆ ಹೋದದ್ದು, ಏನು ನೋಡಬೇಕೆಂದು ತಿಳಿದು ಹೋದದ್ದು ಮತ್ತು ಮೇಲೊಬ್ಬರು ಅದನ್ನು ಪರಿಶೀಲಿಸಿದ್ದು. ಆದ್ದರಿಂದ ವಿದ್ಯಾರ್ಥಿ ಆಶಾಳ ಜಾಗಕ್ಕೆ ಬರಬೇಕಿಲ್ಲ, ಆಕೆಯ ಜೊತೆ ಹೋಗಬೇಕು, ಆಕೆಯಿಂದ ಕಲಿಯಬೇಕು. ಸಾವಿರ ಜನಕ್ಕೊಬ್ಬಳಂತೆ ಇರುವ ಆಕೆಗೆ ಯಾವ ಮನೆಯಲ್ಲಿ ಯಾರು ಮಾತ್ರೆ ಬಿಟ್ಟಿದ್ದಾರೆಂದು ಗೊತ್ತು. ದೊಡ್ಡಾಸ್ಪತ್ರೆಯ ಯಾವ ಕಿಟಕಿಯಲ್ಲಿ ಚೀಟಿ ಮಾಡಿಸಬೇಕು, ಯಾವ ವಾರ ಯಾವ ಯೂನಿಟ್ಟು ಎಂಬುದು ವಿದ್ಯಾರ್ಥಿಗೆ ಗೊತ್ತು. ಈ ಎರಡು ತಿಳಿವಳಿಕೆ ಸೇರಿದರೆ ಅಜ್ಜಿಗೆ ದಾರಿ ಸಿಗುತ್ತದೆ.

ಬಡವರ ಮನೆ ಪ್ರಯೋಗಶಾಲೆಯಾಗುವ ಭಯ ಮಾತ್ರ ನಿಜವಾದದ್ದು, ಅದನ್ನು ಮಾತಿನಿಂದ ತಳ್ಳಿಹಾಕಲಾಗದು. ಜಾತಿ, ವರಮಾನ, ಶೌಚಾಲಯ, ಒಲೆ, ಎಮ್ಮೆ ಎಲ್ಲವನ್ನೂ ಕೇಳಿ ಬರೆದುಕೊಂಡು, ಲಾಗ್‌ಬುಕ್ಕಿಗೆ ಸಹಿ ಹಾಕಿಸಿಕೊಂಡು, ಮನೆಯವರಿಗೆ ಏನೂ ಕೊಡದೆ ಎದ್ದು ಬಂದರೆ ಅದು ಶೋಷಣೆಯೇ. ಅದಕ್ಕೆ ಪರಿಹಾರ ವಿದ್ಯಾರ್ಥಿಯ ಒಳ್ಳೆಯತನದಲ್ಲಿಲ್ಲ, ಆಸ್ಪತ್ರೆಯ ಕರಾರಿನಲ್ಲಿದೆ. ದತ್ತು ಮನೆಯವರು ಬಂದರೆ ಸಾಲಿಲ್ಲದೆ ನೋಡಬೇಕು, ಅಗತ್ಯ ತಪಾಸಣೆ ಪುಕ್ಕಟೆಯಾಗಬೇಕು, ವಿದ್ಯಾರ್ಥಿ ಬರೆದುಕೊಟ್ಟ ಚೀಟಿಗೆ ಹೊರರೋಗಿ ವಿಭಾಗದಲ್ಲಿ ಬೆಲೆ ಇರಬೇಕು. ಇಷ್ಟನ್ನು ಬರೆದುಕೊಡದ ಕಾಲೇಜಿಗೆ ಮನೆ ದತ್ತು ಪಡೆಯುವ ಹಕ್ಕೇ ಇರಬಾರದು.

ಪಠ್ಯದ ಹೊರೆ, ಪಿ.ಜಿ. ನೀಟ್ ಒತ್ತಡ ಎನ್ನುವವರೂ ಇದ್ದಾರೆ. ಆಯೋಗ ಗೊತ್ತುಮಾಡಿರುವುದು ಮೊದಲ ಹಂತದಲ್ಲಿ 27, ಎರಡನೆಯದರಲ್ಲಿ 30, ಮೂರನೆಯದರಲ್ಲಿ 21, ಒಟ್ಟು 78 ಗಂಟೆ. ದಿನಕ್ಕೆ ಆರು ತಾಸಿನಂತೆ ಹಿಡಿದರೆ ನಾಲ್ಕೂವರೆ ವರ್ಷದ ಕೋರ್ಸಿನಲ್ಲಿ ಹದಿಮೂರು ದಿನ. ಹೊರೆ ಎನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ. ಖರ್ಚಿನ ಮಾತಿಗೆ ಬಂದರೆ, ಉದ್ಘಾಟನೆಯ ಹಾರ, ಶಾಲು, ಫ್ಲೆಕ್ಸು ಮತ್ತು ಮುಖ್ಯ ಅತಿಥಿಗಳ ಊಟದ ಬಾಬತ್ತನ್ನು ಉಳಿಸಿದರೆ ಬಸ್ಸಿನ ಡೀಸೆಲ್‌ಗೆ ಒಂದಷ್ಟು ದಾರಿಯಾದೀತು.

ಒಂದು ವಿಷಯದಲ್ಲಿ ಮಾತ್ರ ಹೆಚ್ಚು ಆಸೆ ಇಟ್ಟುಕೊಳ್ಳಬಾರದು. ಮನೆಭೇಟಿ ಮಾಡಿಸಿದ ಮಾತ್ರಕ್ಕೆ ಡಾಕ್ಟರುಗಳು ಹಳ್ಳಿಯಲ್ಲಿ ನೆಲೆಸುತ್ತಾರೆ ಎಂಬುದಕ್ಕೆ ಗಟ್ಟಿ ಪುರಾವೆ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ, ಮತ್ತೆ 2021ರಲ್ಲಿ ಹೊರಡಿಸಿದ ಮಾರ್ಗಸೂಚಿಗಳು ಗ್ರಾಮೀಣ ತರಬೇತಿಯನ್ನು ಶಿಫಾರಸು ಮಾಡುತ್ತವೆ ನಿಜ. ಆದರೆ ಹೆಚ್ಚು ಭರವಸೆ ಇಟ್ಟಿರುವುದು ಹಳ್ಳಿಯಲ್ಲಿ ಹುಟ್ಟಿ ಬೆಳೆದವರಿಗೆ ಸೀಟು ಕೊಡುವುದರಲ್ಲಿ. ನಮ್ಮಲ್ಲಿ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ 15%, ಕನ್ನಡ ಮಾಧ್ಯಮದವರಿಗೆ 5% ಮೀಸಲಾತಿ ಇರುವುದು ಈ ದೃಷ್ಟಿಯಿಂದ ದೊಡ್ಡ ಸಂಗತಿ. ಹಾಗಾಗಿ ಕುಟುಂಬ ದತ್ತನ್ನು ಹಳ್ಳಿಗೆ ಡಾಕ್ಟರು ತರುವ ಯೋಜನೆ ಎಂದು ಮಾರುವುದು ಬೇಡ. ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆಯಲ್ಲೇ ಕೆಲಸಕ್ಕೆ ಸೇರುವ ವೈದ್ಯನಿಗೂ ‘ಮಾತ್ರೆ ಏಕೆ ಬಿಟ್ಟಿರಿ?’ ಎಂದು ಗದರದೆ ಕೇಳಲು ಬರಬೇಕಲ್ಲ. ಅದಕ್ಕಾಗಿ ಅದು ಬೇಕು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಬಾಳಿ ದುಡಿದ ಡಾ. ಎಚ್. ಸುದರ್ಶನ್ ಅವರಂಥವರು ಯಾವ ಸುತ್ತೋಲೆಗೂ ಕಾಯುವುದಿಲ್ಲ. ಸುತ್ತೋಲೆ ಬೇಕಿರುವುದು ಉಳಿದವರಿಗೆ, ಸಾಧಾರಣ ಒಳ್ಳೆಯ ಮನಸ್ಸಿನ, ಪರೀಕ್ಷೆಯ ಗಡಿಬಿಡಿಯ ವಿದ್ಯಾರ್ಥಿಗಳಿಗೆ. ಅವರಿಗೆಂದೇ ಇರುವ ಕುಟುಂಬ ದತ್ತು ಕಾರ್ಯಕ್ರಮದಲ್ಲಿ ಈಗ ಎದ್ದು ಕಾಣುವ ತೂತೊಂದಿದೆ. ಮೂರು ವರ್ಷ ಒಂದು ಮನೆಯನ್ನು ನೋಡಿದ ವಿದ್ಯಾರ್ಥಿ ಅಂತಿಮ ಪರೀಕ್ಷೆಗೆ ಕೂತಾಗ ಆ ಮನೆಯ ಪುಸ್ತಕ ಯಾರ ಕೈಗೆ ಹೋಗಬೇಕು? ವಾರ್ಡಿನಲ್ಲಿ ಪಾಳಿ ಮುಗಿಸಿದ ಇಂಟರ್ನ್ ಪ್ರತಿ ಹಾಸಿಗೆಯ ರೋಗಿಯ ವಿವರವನ್ನು ಮುಂದಿನವರಿಗೆ ಒಪ್ಪಿಸದೆ ಹೊರಡುವಂತಿಲ್ಲ. ದತ್ತು ಮನೆಗೂ ಅದೇ ನಿಯಮ ಬರಲಿ. ಅಂಕಿಗಳ ಪುಸ್ತಕವನ್ನು ಜೂನಿಯರ್ ಕೈಗಿಟ್ಟು, ಇಬ್ಬರೂ ಕೂಡಿ ಒಮ್ಮೆ ಆ ಮನೆಗೆ ಹೋಗಿ ಪರಿಚಯ ಮಾಡಿಸಿ ಬಂದ ಮೇಲಷ್ಟೇ ಅಂತಿಮ ವರ್ಷದ ಹಾಲ್ ಟಿಕೆಟ್ ಎಂದು ವಿಶ್ವವಿದ್ಯಾಲಯ ಗೊತ್ತುಮಾಡಬಹುದು. ವಾರ್ಷಿಕ ವರದಿಯಲ್ಲಿ ‘ಶಿಬಿರಗಳ ಸಂಖ್ಯೆ’ ಎಂಬ ಕಾಲಂ ಪಕ್ಕದಲ್ಲಿ ‘ಎರಡನೇ ಸಲ ನೋಡಿದವರ ಸಂಖ್ಯೆ’, ‘ಬಿ.ಪಿ. ಹತೋಟಿಗೆ ಬಂದವರ ಸಂಖ್ಯೆ’ ಎಂಬ ಇನ್ನೆರಡು ಕಾಲಂ ಎಳೆಯಬಹುದು. ಮೊದಲ ವರ್ಷ ಆ ಕಾಲಂಗಳಲ್ಲಿ ಬರುವ ಅಂಕಿ ಮುಜುಗರ ತರುವಷ್ಟು ಸಣ್ಣದಿದ್ದೀತು. ಇರಲಿ, ಅದನ್ನೂ ಅಚ್ಚು ಹಾಕಿಸಲಿ.